ಅಜ್ಜನ ಹೆಸರು ಯಾವ ಕಾಲಮಿನಲ್ಲಿದೆ?



ನಾವು ವಾಸಿಸುವ ವಿಕ್ರೋಳಿಯ ನೆಲದ ಕಾಗದಪತ್ರಗಳ ಜಾಡು ಹಿಡಿದರೆ ಅದು 1830ರ ದಶಕದ ಫ್ರಾಮ್ಜಿ ಕಾವಸ್ಜಿ ಬಾನಾಜಿಯವರೆಗೆ ಹೋಗುತ್ತದೆ. 1940ರ ದಶಕದಲ್ಲಿ ಆ ನೆಲ ಪಿರೋಜ್‌ಷಾ ಗೋದ್ರೇಜರ ಕೈಸೇರಿತು. ದೊಡ್ಡವರ ನೆಲದ ಚರಿತ್ರೆ ಹೀಗೆ ಸುಲಭವಾಗಿ ಸಿಗುತ್ತದೆ. ಆದರೆ ಉಡುಪಿ, ಮಂಗಳೂರು ಕಡೆಯಿಂದ ಬಂದು ಇಲ್ಲಿ ಹೊಟೇಲಿನಲ್ಲಿ ದುಡಿದ ನಿಮ್ಮ ಅಜ್ಜನ ಊರಿನ ಗದ್ದೆಯದು? ಅದಕ್ಕೂ ಸರಕಾರಿ ದಾಖಲೆಯಿದೆ.

ಮನೆಯಲ್ಲಿ ಹಳೆಯ ತೀರ್ವೆ ರಶೀದಿಯಿದ್ದರೆ ಗ್ರಾಮದ ಹೆಸರು, ಸರ್ವೆ ನಂಬರು ಅದರಲ್ಲೇ ಸಿಕ್ಕೀತು. ಅಷ್ಟಿದ್ದರೆ ಕರ್ನಾಟಕ ಸರಕಾರದ 'ಭೂಮಿ' ಜಾಲತಾಣದಲ್ಲಿ ಇಂದಿನ ಪಹಣಿಯನ್ನು ಇಲ್ಲಿಂದಲೇ ನೋಡಬಹುದು. 9ನೆಯ ಕಾಲಮಿನಲ್ಲಿ ಸ್ವಾಧೀನದಾರ, 12ರಲ್ಲಿ ಸಾಗುವಳಿದಾರ. ವಂಶ ಹುಡುಕುವವರಿಗೆ ಮುಖ್ಯವಾದದ್ದು ಇವೆರಡರ ನಡುವಿನ 10ನೆಯದು. ಅಲ್ಲಿರುವ ಮ್ಯುಟೇಶನ್ ನಂಬರಿನ ಹಿಂದೆ ಒಂದು ಸಾವೋ, ಪಾಲೋ, ಕ್ರಯವೋ ಇರುತ್ತದೆ. ಪೌತಿ ಖಾತೆಯಾಗಿದ್ದರೆ ವಾರಸುದಾರರ ಹೆಸರುಗಳೂ ಸಿಗುತ್ತವೆ. ಕೈಬರಹದ ಹಳೆಯ ಪಹಣಿಗಳಿಗೆ ತಾಲೂಕು ಕಚೇರಿಗೆ ಅರ್ಜಿ ಕೊಡಬೇಕು. 1956ರವರೆಗೆ ನಮ್ಮ ಜಿಲ್ಲೆ ಮದರಾಸಿಗೆ ಸೇರಿದ್ದರಿಂದ ಹಿರಿಯರು ಪಹಣಿಯನ್ನು ಅಡಂಗಲ್ ಎನ್ನುತ್ತಾರೆ. ಧಾರವಾಡ, ಬಿಜಾಪುರದ ಮೂಲದವರಾದರೆ ನಿಮ್ಮ ಊರು ಆಗ ಇದೇ ಮುಂಬಯಿ ಪ್ರಾಂತ್ಯದಲ್ಲಿತ್ತು!

ಅಜ್ಜನ ಹೆಸರು ಅಲ್ಲಿ ಕಾಣದಿದ್ದರೆ ಹುಡುಕಾಟ ನಿಲ್ಲಿಸಬೇಡಿ. ನಮ್ಮವರಲ್ಲಿ ಬಹಳಷ್ಟು ಮಂದಿ ಚಾಲಗೇಣಿ ಒಕ್ಕಲುಗಳು. ಉತ್ತು ಬಿತ್ತಿ, ಧನಿಗಳಿಗೆ ಮುಡಿ ಅಕ್ಕಿ ಅಳೆದು ಕೊಟ್ಟವರು. ವರ್ಗ ಮಾತ್ರ ಧನಿಗಳ ಹೆಸರಿನಲ್ಲಿತ್ತು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಒಕ್ಕಲುಗಳು 7ನೆಯ ನಮೂನೆಯಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಕೊಟ್ಟರು. 1979ರ ಜೂನ್ 30 ಕೊನೆಯ ದಿನವಾಗಿತ್ತು. ಎಷ್ಟೋ ಕುಟುಂಬಗಳ ಹೆಸರು ಜಮೀನಿನ ಹಕ್ಕುದಾರರೆಂದು ಸರಕಾರಿ ಕಾಗದವೇರಿದ್ದು ಆಗಲೇ. ಆ ಕಡತ ಉಳಿದಿದ್ದರೆ ಅದರಲ್ಲಿ ಅಜ್ಜನ ಹೇಳಿಕೆ, ನೆರೆಕರೆಯವರ ಸಾಕ್ಷಿ, ಧನಿಗಳ ತಕರಾರು ಸಿಗಬಹುದು. ಓದುಬರಹ ಕಲಿಯದ ಅಜ್ಜಿಯ ಹೆಬ್ಬೆಟ್ಟಿನ ಗುರುತೂ ಇರಬಹುದು. ನನ್ನ ಮಟ್ಟಿಗೆ ಇದಕ್ಕಿಂತ ಬೆಲೆಬಾಳುವ ದಾಖಲೆ ಬೇರೆ ಇಲ್ಲ.

ಅಳಿಯಸಂತಾನದ ಮನೆಯವರು ಅಜ್ಜನ ತಂದೆಯ ಹೆಸರು ಹಿಡಿದು ಹೋದರೆ ದಾರಿ ತಪ್ಪುತ್ತದೆ. ಆಸ್ತಿ ತಾಯಿಯ ಕಡೆಯಿಂದ ಬರುತ್ತಿತ್ತು. ಕುಟುಂಬದ ಯಜಮಾನರು ಸಾಮಾನ್ಯವಾಗಿ ಸೋದರಮಾವ, ಕೆಲವೊಮ್ಮೆ ಹಿರಿಯ ಹೆಂಗಸು. ಆದ್ದರಿಂದ ಅಜ್ಜಿಯ ಮಾವನ ಹೆಸರು ಕೇಳಿ. 1949ರ ಮದರಾಸು ಅಳಿಯಸಂತಾನ ಕಾಯಿದೆಯ ನಂತರ ಕವರುಗಳ ನಡುವೆ ಪಾಲಾದ ಮನೆಗಳ ಪಾಲುಪಟ್ಟಿ ಉಪನೋಂದಣಿ ಕಚೇರಿಯಲ್ಲಿ ಸಿಕ್ಕರೆ, ಹೆಂಗಸರು ಮಕ್ಕಳೆಲ್ಲರ ಹೆಸರೂ ಒಂದೇ ಕಡೆ ದೊರೆಯುತ್ತದೆ.

ಗದ್ದೆಯಲ್ಲಿ ಕೂಲಿಗೆ ನಟ್ಟವರ, ಕೊಯ್ದವರ ಹೆಸರು ಮಾತ್ರ ಈ ಯಾವ ಕಾಲಮಿನಲ್ಲೂ ಇಲ್ಲ. ಅವರ ಮೊಮ್ಮಕ್ಕಳಿಗೆ ಊರಿನ ಹಿರಿಯರ ನೆನಪೇ ದಾಖಲೆ.

ಒಂದು ಕಿವಿಮಾತು. ಮೇ ರಜೆಯಲ್ಲಿ ಊರಿಗೆ ಹೋಗಿ ಪಹಣಿ ಕೇಳಿದರೆ 'ಬೊಂಬಾಯಿಯವ ಪಾಲು ಕೇಳಲು ಬಂದ' ಎಂದು ಚಿಕ್ಕಪ್ಪ, ಮಾವಂದಿರ ಹುಬ್ಬೇರುತ್ತದೆ. ಬೇಕಾದದ್ದು ಹೆಸರು, ಜಾಗವಲ್ಲವೆಂದು ಮೊದಲೇ ಹೇಳಿ, ಅವರನ್ನೇ ಕರೆದುಕೊಂಡು ತಾಲೂಕು ಕಚೇರಿಗೆ ಹೋಗಿ.