ನಾಯಿಕೆಮ್ಮು: ಮೂರು ಸೂಜಿಗೆ ಮುಗಿಯುವುದಿಲ್ಲ

ತಾಯಿ ಕಾರ್ಡಿನಲ್ಲಿ ನಾಯಿಕೆಮ್ಮಿನ ಲಸಿಕೆಯೂ ಸೇರಿರುವ ಮೂರು ಪೆಂಟಾವೇಲೆಂಟ್ ಡೋಸ್‌ಗಳ ಮುಂದೆ ದಿನಾಂಕ ಇರುತ್ತದೆ, ಡಿಪಿಟಿ ಬೂಸ್ಟರ್ ಸಾಲು ಮಾತ್ರ ಖಾಲಿ. ಬಳ್ಳಾರಿ ನಗರವಿರಲಿ, ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಿರಲಿ, ಆಶಾ ಕಾರ್ಯಕರ್ತೆಯರು ಬೆನ್ನು ಹತ್ತಬೇಕಾದದ್ದು ಇಂಥ ಖಾಲಿ ಸಾಲುಗಳನ್ನೇ.

ನಂಬಿಕೆ: ಮೂರು ಸೂಜಿ ಹಾಕಿಸಿದರೆ ಸಾಕು.
ಸತ್ಯ: 6, 10, 14ನೇ ವಾರದ ಡೋಸ್‌ಗಳು ಬುನಾದಿ ಮಾತ್ರ. ಅವು ಕೊಡುವ ರಕ್ಷಣೆ ವರ್ಷ ಕಳೆದಂತೆ ಇಳಿಯುತ್ತದೆ. ಅದಕ್ಕೇ 16ರಿಂದ 24 ತಿಂಗಳೊಳಗೆ ಒಂದು, 5-6 ವರ್ಷಕ್ಕೆ ಇನ್ನೊಂದು ಡಿಪಿಟಿ ಬೂಸ್ಟರ್. ತಡವಾಗಿದ್ದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರಾಯಿತು.

ನಂಬಿಕೆ: ಜ್ವರ ಬಂತೆಂದರೆ ಸೂಜಿ ಒಗ್ಗಲಿಲ್ಲ, ಮುಂದಿನದು ಬೇಡ.
ಸತ್ಯ: ಸರ್ಕಾರಿ ಲಸಿಕೆಯಲ್ಲಿ ನಾಯಿಕೆಮ್ಮಿನ ಸತ್ತ ಬ್ಯಾಕ್ಟೀರಿಯಾ ಇಡಿಯಾಗಿ ಇರುತ್ತದೆ. ಹಾಗಾಗಿ ಒಂದೆರಡು ದಿನ ಜ್ವರ, ಚುಚ್ಚಿದಲ್ಲಿ ಬಾವು ಸಾಮಾನ್ಯ. ಫಿಟ್ಸ್ ಅಥವಾ ತೀವ್ರ ಅಲರ್ಜಿ ಆಗಿದ್ದರೆ ಮಾತ್ರ ಮುಂದಿನ ಡೋಸ್‌ಗೆ ಮೊದಲು ವೈದ್ಯರಿಗೆ ತಿಳಿಸಲೇಬೇಕು. ಹೆದರಿ ಸೂಜಿ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಬ್ರಿಟನ್ನೇ ಉದಾಹರಣೆ: 1970ರ ದಶಕದಲ್ಲಿ ಅಲ್ಲಿನ ತಂದೆತಾಯಂದಿರು ಈ ಲಸಿಕೆಯಿಂದ ಮಿದುಳಿಗೆ ಹಾನಿಯೆಂದು ಹೆದರಿ ಹಿಂದೆ ಸರಿದರು. ಲಸಿಕೆ ಪಡೆದ ಮಕ್ಕಳ ಪ್ರಮಾಣ ಸುಮಾರು ಶೇ 80ರಿಂದ 30ರ ಆಸುಪಾಸಿಗೆ ಕುಸಿಯಿತು. ಅದರ ಬೆನ್ನಿಗೇ ನಾಯಿಕೆಮ್ಮು ದೇಶಾದ್ಯಂತ ಹಬ್ಬಿತು.

ನಂಬಿಕೆ: ಒಂದು ಒಳಲೆ ಕತ್ತೆ ಹಾಲು ಕುಡಿಸಿದರೆ ಕೆಮ್ಮು ಹತ್ತಿರ ಸುಳಿಯದು.
ಸತ್ಯ: ಕತ್ತೆ ಹೊಡೆದುಕೊಂಡು ಓಣಿ ಓಣಿ ತಿರುಗುವವರು ಕರೆದುಕೊಡುವ ಹಾಲು ನಾಯಿಕೆಮ್ಮನ್ನು ತಡೆಯುತ್ತದೆ ಎನ್ನುವುದಕ್ಕೆ ಪುರಾವೆ ಇಲ್ಲ. ಕಾಯಿಸದ ಹಾಲಿನಿಂದ ಹಸುಗೂಸಿಗೆ ಬೇರೆ ಸೋಂಕು ತಗಲಬಹುದು.

ನಂಬಿಕೆ: ಇದು ಮಕ್ಕಳ ಕಾಯಿಲೆ, ದೊಡ್ಡವರಿಗೆ ಬಾರದು.
ಸತ್ಯ: ಬರುತ್ತದೆ. ಆದರೆ ಅವರಲ್ಲಿ ವಾರಗಟ್ಟಲೆ ಬಿಡದ ಕೆಮ್ಮಾಗಿಯಷ್ಟೇ ಕಾಣಿಸಬಹುದು. ಕೂಸನ್ನು ಎತ್ತಿಕೊಂಡ ಅಜ್ಜಿಯಿಂದಲೋ ಶಾಲೆಗೆ ಹೋಗುವ ಅಕ್ಕನಿಂದಲೋ ಸೋಂಕು ಕೂಸಿಗೆ ದಾಟುತ್ತದೆ. 10 ಮತ್ತು 16 ವರ್ಷಕ್ಕೆ ಹಾಕುವ ಟಿಡಿ ಧನುರ್ವಾಯು, ಗಂಟಲುಮಾರಿಗಳಿಗೆ ಮಾತ್ರ. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವುದೂ ಅದೇ ಟಿಡಿ. ನಾಯಿಕೆಮ್ಮಿನ ಅಂಶವಿರುವ ಟಿಡ್ಯಾಪ್ ಖಾಸಗಿಯಲ್ಲಿ ಸಿಗುತ್ತದೆ. ಗರ್ಭದ 27ರಿಂದ 36ನೇ ವಾರದೊಳಗೆ ಹಾಕಿಸಿಕೊಂಡರೆ ತಾಯಿಯ ಪ್ರತಿಕಾಯಗಳು ಕೂಸನ್ನು ಮೊದಲ ವಾರಗಳಲ್ಲಿ ಕಾಯುತ್ತವೆ.

ನಂಬಿಕೆ: ಕೆಮ್ಮಿ ಕೆಮ್ಮಿ ಉಸಿರೆಳೆಯುವ ಸದ್ದಿಲ್ಲದಿದ್ದರೆ ಅದು ನಾಯಿಕೆಮ್ಮಲ್ಲ.
ಸತ್ಯ: ಎಳೆಕೂಸು ಕೆಮ್ಮದೆಯೂ ಇರಬಹುದು. ಉಸಿರು ನಿಂತು ನಿಂತು ಬರುವುದು, ತುಟಿ ನೀಲಿಯಾಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ನಂಬಿಕೆ: ಊರು ಬಿಟ್ಟರೆ ಸೂಜಿ ತಪ್ಪಿದಂತೆಯೇ.
ಸತ್ಯ: ಸಿರುಗುಪ್ಪಕ್ಕೆ ಭತ್ತದ ಕೆಲಸಕ್ಕೆ, ಕುರುಗೋಡಿಗೆ ಮೆಣಸಿನಕಾಯಿ ಬಿಡಿಸಲು ಬರುವ ಕುಟುಂಬಗಳಿಗೂ, ಇಲ್ಲಿಂದ ಬೆಂಗಳೂರಿಗೆ ಗುಳೆ ಹೋಗುವವರಿಗೂ ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ಬಾಕಿ ಡೋಸ್ ಉಚಿತ. ತಾಯಿ ಕಾರ್ಡ್ ಜೊತೆಗಿದ್ದರೆ ಯಾವ ಡೋಸ್ ಬಾಕಿಯೆಂದು ಅಲ್ಲಿನ ನರ್ಸ್‌ಗೆ ಕೂಡಲೇ ತಿಳಿಯುತ್ತದೆ.