ಗರ್ಭಕೋಶದ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮತ್ತು ಬಸಿರಿನ ಉಳಿವು: ಜನಭಾಷೆಯ ನೆಲೆಯಿಂದ ಒಂದು ವಿವೇಚನೆ

ಪ್ರವೇಶ

ಕರ್ನಾಟಕದ ಹಳ್ಳಿಗಳಲ್ಲಿ ಹೆಣ್ಣುಮಗಳೊಬ್ಬಳು ತನಗೆ 'ಆಪರೇಷನ್ ಆಗಿದೆ' ಎಂದರೆ, ಯಾವ ಆಪರೇಷನ್ ಎಂದು ಕೇಳುವವರು ವಿರಳ. ಅದು ಸಂತಾನಹರಣ ಶಸ್ತ್ರಚಿಕಿತ್ಸೆ ಎಂದೇ ಎಲ್ಲರೂ ತಿಳಿಯುತ್ತಾರೆ. ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಶಸ್ತ್ರಚಿಕಿತ್ಸೆಗೆ ಒಳಗಾಗಿರುವುದನ್ನು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದಾಖಲಿಸಿದೆ. ಹೀಗಾಗಿ ಹೆಣ್ಣಿನ ಒಡಲಿಗೆ ಕತ್ತರಿ ತಾಗುವುದೆಂದರೆ ಬಸಿರು ಮುಗಿಯುವುದೆಂದೇ ಅರ್ಥ ಎಂಬ ಗ್ರಹಿಕೆ ಜನಮನದಲ್ಲಿ ಬೇರೂರಿದೆ.

ಈ ಗ್ರಹಿಕೆಗೆ ವಿರುದ್ಧವಾದ ಚಿಕಿತ್ಸಾಕ್ರಮವೊಂದು ಕಳೆದ ಮೂರೂವರೆ ದಶಕಗಳಲ್ಲಿ ರೂಪುಗೊಂಡಿದೆ. ಕ್ಯಾನ್ಸರ್ ತಗುಲಿದ ಭಾಗವನ್ನಷ್ಟೇ ತೆಗೆದು, ಬಸಿರು ನಿಲ್ಲುವ ಭಾಗವನ್ನು ಉಳಿಸುವ ಶಸ್ತ್ರಚಿಕಿತ್ಸೆ ಅದು. ಅದರ ಸ್ವರೂಪವನ್ನು ಪರಿಚಯಿಸಿ, ಅದು ನಮ್ಮ ಹೆಣ್ಣುಮಕ್ಕಳಿಗೆ ದಕ್ಕುವಲ್ಲಿ ಭಾಷೆ ಮತ್ತು ಜನನಂಬಿಕೆಗಳ ಪಾತ್ರವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರಿಲ್ಲದ ಅಂಗಗಳು

ಜನಪದರ ಆಡುಮಾತಿನಲ್ಲಿ ಹೆಣ್ಣಿನ ಒಳಅಂಗಗಳಿಗೆಲ್ಲ ಸಾಮಾನ್ಯವಾಗಿ ಇರುವುದು ಒಂದೇ ಹೆಸರು: ಗರ್ಭಚೀಲ ಅಥವಾ ಗರ್ಭಕೋಶ. ವೈದ್ಯಶಾಸ್ತ್ರ ಇದನ್ನು ಬಿಡಿಬಿಡಿಯಾಗಿ ಕಾಣುತ್ತದೆ. ಮಗು ಬೆಳೆಯುವ ಕೋಶದ ಒಡಲು, ಅದರ ಕೆಳತುದಿಯಲ್ಲಿ ಯೋನಿಗೆ ತೆರೆದುಕೊಳ್ಳುವ ಗರ್ಭಕಂಠ, ಎರಡೂ ಬದಿಯ ಅಂಡನಾಳ ಮತ್ತು ಅಂಡಾಶಯಗಳು ಬೇರೆ ಬೇರೆ. ಲ್ಯಾಟಿನ್ನಿನ 'ಸರ್ವಿಕ್ಸ್', ಗ್ರೀಕಿನ 'ಟ್ರಾಖೆಲೋಸ್', ನಮ್ಮ 'ಕಂಠ' ಇವೆಲ್ಲವೂ ಕೊರಳೆಂಬ ಒಂದೇ ಕಲ್ಪನೆಯಿಂದ ಹುಟ್ಟಿದವು ಎಂಬುದು ಕುತೂಹಲಕರ. ಆದರೆ ನಮ್ಮಲ್ಲಿ ಈ ಪದ ಪಠ್ಯಪುಸ್ತಕದಿಂದ ಅಡುಗೆಮನೆಗೆ ಇನ್ನೂ ಇಳಿದಿಲ್ಲ.

ಕ್ಷೇತ್ರಕಾರ್ಯದ ಸಂದರ್ಭದಲ್ಲಿ, ಎಳೆಯ ಪ್ರಾಯದಲ್ಲೇ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಮಹಿಳೆಯೊಬ್ಬರು ಪ್ರಸ್ತುತ ಲೇಖಕಿಗೆ ಹೇಳಿದ ಮಾತಿದು: 'ಎಲ್ಲಾ ತಗದೀವಿ ಅಂದ್ರರಿ. ಏನೇನ ತಗದೀರಿ ಅಂತ ಕೇಳಾಕ ಅದರ ಹೆಸರರ ಗೊತ್ತಿರಬೇಕಲ್ಲರಿ?' ಹೆಸರು ತಿಳಿಯದ್ದನ್ನು ಉಳಿಸಿಕೊಡಿ ಎಂದು ಕೇಳಲಾಗದು. ಈ ಲೇಖನದ ಮೂಲ ಪ್ರೇರಣೆ ಆ ಮರುಪ್ರಶ್ನೆಯೇ.

ಸಮಸ್ಯೆಯ ವ್ಯಾಪ್ತಿ ಚಿಕ್ಕದಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ, ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಹೊಸದಾಗಿ ಕಂಡುಬಂದಿತು. ಸುಮಾರು 80,000 ಮಂದಿ ಮರಣ ಹೊಂದಿದರು. ಮಕ್ಕಳನ್ನು ಇನ್ನೂ ಹೆರಬೇಕಾದವರೂ ಇವರಲ್ಲಿದ್ದಾರೆ.

ವಿಯೆನ್ನಾದಿಂದ ಲಿಯಾನ್‌ಗೆ

ಗರ್ಭಕಂಠದ ಕ್ಯಾನ್ಸರಿಗೆ ವ್ಯಾಪಕ ಶಸ್ತ್ರಚಿಕಿತ್ಸೆಯನ್ನು ವ್ಯವಸ್ಥಿತಗೊಳಿಸಿದವನು ವಿಯೆನ್ನಾದ ವೈದ್ಯ ಅರ್ನ್ಸ್ಟ್ ವೆರ್ಟ್‌ಹೈಮ್. ಆತ 1898ರಲ್ಲಿ ಆರಂಭಿಸಿದ ಕ್ರಮದಲ್ಲಿ ಗರ್ಭಕೋಶವನ್ನು ಮಾತ್ರವಲ್ಲದೆ, ಅದರ ಅಕ್ಕಪಕ್ಕದ ಅಂಗಾಂಶವನ್ನೂ ಯೋನಿಯ ಮೇಲ್ಭಾಗವನ್ನೂ ತೆಗೆಯಲಾಗುತ್ತಿತ್ತು. 1940ರ ದಶಕದಲ್ಲಿ ಬಾಸ್ಟನ್ನಿನ ಜೋ ಮೇಗ್ಸ್, ಕಟಿಕುಹರದ ದುಗ್ಧಗ್ರಂಥಿಗಳನ್ನು ತೆಗೆಯುವ ವಿಧಾನವನ್ನು ಇದಕ್ಕೆ ಕ್ರಮಬದ್ಧವಾಗಿ ಜೋಡಿಸಿದ. ಈ ಶಸ್ತ್ರಚಿಕಿತ್ಸೆ ಅಸಂಖ್ಯ ಜೀವಗಳನ್ನು ಉಳಿಸಿತು; ಬಸಿರಿನ ಸಾಧ್ಯತೆಯನ್ನು ಮಾತ್ರ ಪೂರ್ಣವಾಗಿ ಅಳಿಸಿತು.

ಗರ್ಭಕಂಠದ ಕ್ಯಾನ್ಸರ್ ಆರಂಭದಲ್ಲಿ ಹೆಚ್ಚಾಗಿ ಪಕ್ಕದ ಅಂಗಾಂಶಗಳತ್ತ ಹಾಗೂ ದುಗ್ಧಗ್ರಂಥಿಗಳತ್ತ ಹರಡುತ್ತದೆ. ಮೇಲಿನ ಕೋಶದತ್ತ ಹಬ್ಬುವುದು ಕಡಿಮೆ. ಹಾಗಿದ್ದಲ್ಲಿ ಕಂಠವನ್ನು ತೆಗೆದು ಕೋಶವನ್ನು ಏಕೆ ಉಳಿಸಬಾರದು? ರೊಮೇನಿಯದ ಯೂಜೆನ್ ಅಬುರೆಲ್ 20ನೆಯ ಶತಮಾನದ ಮಧ್ಯಭಾಗದಲ್ಲೇ ಈ ದಿಸೆಯಲ್ಲಿ ಪ್ರಯತ್ನಿಸಿದ್ದುಂಟು. ಆದರೆ ಇದಕ್ಕೆ ಸ್ಥಿರ ರೂಪ ಕೊಟ್ಟವರು ಫ್ರಾನ್ಸಿನ ಲಿಯಾನ್ ನಗರದ ಡ್ಯಾನಿಯಲ್ ದಾರ್ಜಾನ್. ಅವರು 1987ರಲ್ಲಿ ಕೈಗೊಂಡು 1994ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ 'ರ‍್ಯಾಡಿಕಲ್ ಟ್ರಾಕಿಲೆಕ್ಟಮಿ', ಅಂದರೆ ವ್ಯಾಪಕ ಗರ್ಭಕಂಠಛೇದನ ಎಂದು ಹೆಸರು.

ದೇವಾಲಯದ ಹೋಲಿಕೆಯಿಂದ ಹೇಳುವುದಾದರೆ, ಗೆದ್ದಲು ಹಿಡಿದ ಬಾಗಿಲವಾಡವನ್ನೂ ಅದರ ಸುತ್ತಣ ಗೋಡೆಯ ಅಂಚನ್ನೂ ಬಿಡಿಸಿ, ಗರ್ಭಗುಡಿಯನ್ನು ಉಳಿಸಿಕೊಳ್ಳುವ ಕೆಲಸವಿದು. ಮೊದಲು ದುಗ್ಧಗ್ರಂಥಿಗಳನ್ನು ಪರೀಕ್ಷಿಸಲಾಗುತ್ತದೆ. ಅಲ್ಲಿ ರೋಗ ಕಂಡರೆ ಈ ಮಾರ್ಗವನ್ನು ಕೈಬಿಟ್ಟು ಬೇರೆ ಚಿಕಿತ್ಸೆಗೆ ತಿರುಗಬೇಕಾಗುತ್ತದೆ. ಗ್ರಂಥಿಗಳು ನಿರ್ಮಲವಾಗಿದ್ದರೆ ಗರ್ಭಕಂಠ, ಅದರ ಪಕ್ಕದ ಅಂಗಾಂಶ ಮತ್ತು ಯೋನಿಯ ಮೇಲಂಚನ್ನು ತೆಗೆಯುತ್ತಾರೆ. ಕತ್ತರಿಸಿದ ಮೇಲಂಚಿನಲ್ಲಿ ರೋಗಕಣಗಳಿಲ್ಲವೆಂಬುದನ್ನು ಖಚಿತಪಡಿಸಿಕೊಂಡು ಕೋಶವನ್ನು ಯೋನಿಗೆ ಹೊಲಿಯುತ್ತಾರೆ. ಬಸಿರು ಜಾರದಂತೆ ಕೋಶದ ಕೆಳಬಾಯಿಗೆ ಗಟ್ಟಿ ದಾರದ ಹೊಲಿಗೆ ಹಾಕುವುದು ರೂಢಿ. ಮುಂದೆ ಗರ್ಭ ನಿಂತರೆ ಹೆರಿಗೆ ಸಿಸೇರಿಯನ್ ಮೂಲಕವೇ ಆಗುತ್ತದೆ. ಗರ್ಭಪಾತ ಹಾಗೂ ಅವಧಿಪೂರ್ವ ಹೆರಿಗೆಯ ಸಂಭವ ಸಾಮಾನ್ಯ ಬಸಿರಿಗಿಂತ ಹೆಚ್ಚು.

ಈ ಚಿಕಿತ್ಸೆ ಎಲ್ಲರಿಗೂ ಅನ್ವಯಿಸುವುದಿಲ್ಲ. ಗೆಡ್ಡೆ ಸಾಮಾನ್ಯವಾಗಿ 2 ಸೆಂ.ಮೀ. ಮೀರಿರಬಾರದು, ಕೋಶದ ಒಡಲಿಗೆ ಹಬ್ಬಿರಬಾರದು, ತೀವ್ರವಾಗಿ ಹರಡುವ ಕೆಲವು ವಿರಳ ಬಗೆಗಳಿಗೆ ಸೇರಿರಬಾರದು. ಈ 2 ಸೆಂ.ಮೀ. ಅಳತೆಯ ಮಹತ್ವವನ್ನು ಗುರುತಿಸಿಯೇ 2018ರಲ್ಲಿ ಅಂತರರಾಷ್ಟ್ರೀಯ ಸ್ತ್ರೀರೋಗ ಒಕ್ಕೂಟ ತನ್ನ ಹಂತವಿಂಗಡಣೆಯಲ್ಲಿ ಅದನ್ನು ಪ್ರತ್ಯೇಕ ಗಡಿಯನ್ನಾಗಿ ಮಾಡಿತು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಷ್ಟು ಎಳೆಯ ಹಂತದಲ್ಲಿ ಇಷ್ಟು ವ್ಯಾಪಕ ಛೇದನವೂ ಬೇಡ. ಕಂಠದ ಶಂಕುವಿನಾಕಾರದ ತುಣುಕೊಂದನ್ನು ತೆಗೆದರೆ ಹಲವರಿಗೆ ಅಷ್ಟೇ ಸಾಕಾಗುತ್ತದೆ.

ಇತರ ಅಂಗಗಳ ಕ್ಯಾನ್ಸರ್

ಅಂಡಾಶಯದ ಕ್ಯಾನ್ಸರುಗಳಲ್ಲಿ ಹದಿಹರೆಯದವರನ್ನೂ ತರುಣಿಯರನ್ನೂ ಹೆಚ್ಚಾಗಿ ಬಾಧಿಸುವುದು ಅಂಡಜನಕ ಕೋಶಗಳಿಂದ ಹುಟ್ಟುವ ಬಗೆ. ಇದು ಬಹುಪಾಲು ಒಂದೇ ಬದಿಯಲ್ಲಿರುತ್ತದೆ, ಔಷಧಕ್ಕೂ ಚೆನ್ನಾಗಿ ಮಣಿಯುತ್ತದೆ. ಆದ್ದರಿಂದ ರೋಗಗ್ರಸ್ತ ಅಂಡಾಶಯವನ್ನು ಮಾತ್ರ ತೆಗೆದು, ಇನ್ನೊಂದನ್ನೂ ಗರ್ಭಕೋಶವನ್ನೂ ಉಳಿಸುವುದು ಇಂದು ಅಂಗೀಕೃತ ಕ್ರಮ. ಗರ್ಭಕೋಶದ ಒಳಪೊರೆಯ ಕ್ಯಾನ್ಸರ್ ಮೃದು ಸ್ವರೂಪದ್ದಾಗಿ ಪೊರೆಯನ್ನು ದಾಟದೆ ಇದ್ದಾಗ, ಆಯ್ದ ಕೆಲವರಿಗೆ ಪ್ರೊಜೆಸ್ಟಿನ್ ಹಾರ್ಮೋನು ಕೊಟ್ಟು, ನಿಯತವಾಗಿ ಪರೀಕ್ಷಿಸುತ್ತ, ಬಸಿರಿಗೆ ಅವಕಾಶ ಮಾಡಿಕೊಡಲಾಗುತ್ತದೆ. ಹೆರಿಗೆಗಳು ಮುಗಿದ ಮೇಲೆ ಗರ್ಭಕೋಶವನ್ನು ತೆಗೆಸುವುದು ಸೂಕ್ತವೆಂದು ವೈದ್ಯರು ಸಲಹೆ ಮಾಡುತ್ತಾರೆ. ವಿಕಿರಣ ಚಿಕಿತ್ಸೆ ಅನಿವಾರ್ಯವಾದಲ್ಲಿ ಅಂಡಾಶಯಗಳನ್ನು ಕಿರಣಗಳ ಹಾದಿಯಿಂದ ಮೇಲಕ್ಕೆ ಸರಿಸಿ ಹೊಲಿಯುವ ವಿಧಾನವಿದೆ. ಇದರಿಂದ ಅಂಡಾಶಯ ಉಳಿಯಬಹುದಾದರೂ ವಿಕಿರಣಕ್ಕೆ ಸಿಕ್ಕ ಗರ್ಭಕೋಶ ಬಸಿರು ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಬಂಜೆತನದ ಭಯ, ಕ್ಯಾನ್ಸರಿನ ಭಯ

ಮಕ್ಕಳಿಲ್ಲದವಳ ಅಳಲು ನಮ್ಮ ಬೀಸುವ ಪದಗಳ ಪ್ರಧಾನ ವಸ್ತುಗಳಲ್ಲೊಂದು. ನಾಗರಕಲ್ಲಿಗೆ ಸುತ್ತು ಬರುವುದು, ಹರಕೆಯ ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟುವುದು, ಉಡಿ ತುಂಬುವುದು ಇವೆಲ್ಲ ಫಲವಂತಿಕೆಯನ್ನು ಹಾರೈಸುವ ಆಚರಣೆಗಳು. ಉಡಿ ತುಂಬುವ ಸಾಲಿನಿಂದ ಬಂಜೆಯನ್ನು ಹಿಂದೆ ಸರಿಸುವ ಪದ್ಧತಿ ಈಗಲೂ ಪೂರ್ಣವಾಗಿ ನಿಂತಿಲ್ಲ. ಇಂತಹ ಸಮಾಜದಲ್ಲಿ ಬಸಿರನ್ನು ಉಳಿಸುವ ಶಸ್ತ್ರಚಿಕಿತ್ಸೆ ವರವೆಂದು ತೋರುವುದು ಸಹಜ. ಆದರೆ ಅದೇ ಒತ್ತಡ, ಅರ್ಹವಲ್ಲದ ಹಂತದಲ್ಲೂ ಹೆಣ್ಣು ತನ್ನ ಜೀವವನ್ನೇ ಒತ್ತೆಯಿಡುವಂತೆ ಮಾಡಬಲ್ಲದು. ಬಸಿರನ್ನು ಉಳಿಸಬೇಕೆ ಎಂಬುದು ಅತ್ತೆಮನೆಯ ತೀರ್ಮಾನವಾಗದೆ ಅವಳ ತೀರ್ಮಾನವಾಗುವುದು ಅಗತ್ಯ. ಹಾಗೆಯೇ, ಒಂದು ಮಗುವಿದ್ದವಳಿಗೆ ಅಥವಾ ಮದುವೆಯಾಗದವಳಿಗೆ ಈ ಪ್ರಶ್ನೆಯೇ ಇಲ್ಲವೆಂದು ವೈದ್ಯರು ಊಹಿಸುವುದೂ ಸರಿಯಲ್ಲ.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ವಿದ್ಯಮಾನವಿದೆ. ಬಿಳಿಸೆರಗು, ಹೊಟ್ಟೆನೋವುಗಳಂಥ ಸಾಮಾನ್ಯ ತೊಂದರೆಗೆ ಹೋದ ಬಡ ಮಹಿಳೆಯರಿಗೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿ ಗರ್ಭಕೋಶ ತೆಗೆದ ಪ್ರಕರಣಗಳು ದೇಶದ ಹಲವೆಡೆ ವರದಿಯಾಗಿವೆ. ಕರ್ನಾಟಕವೂ ಇದಕ್ಕೆ ಹೊರತಲ್ಲ. ಬಿಹಾರ, ಛತ್ತೀಸಗಢ ಮತ್ತು ರಾಜಸ್ಥಾನದ ಇಂತಹ ಪ್ರಕರಣಗಳ ಕುರಿತ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಅಳವಡಿಸಿಕೊಳ್ಳಬೇಕೆಂದು 2023ರ ಏಪ್ರಿಲ್‌ನಲ್ಲಿ ನಿರ್ದೇಶಿಸಿತು. ರೋಗವಿಲ್ಲದವಳ ಅಂಗ ಹೋಗುವುದೂ, ರೋಗವಿದ್ದವಳು ಉಳಿಸಬಹುದಾದ ಅಂಗವನ್ನು ಕಳೆದುಕೊಳ್ಳುವುದೂ ಒಂದೇ ಮೌನದ ಎರಡು ಪರಿಣಾಮಗಳು.

ಆ ಮೌನಕ್ಕೆ ಮತ್ತೊಂದು ಮುಖವೂ ಇದೆ. ಬಿಳಿ ಹೋಗುವುದನ್ನು ಜನಪದರು ಉಷ್ಣವೆಂದೋ ಮೈ ಕರಗುವುದೆಂದೋ ವಿವರಿಸಿ ಮನೆಮದ್ದಿನಲ್ಲಿ ತಡೆಯುತ್ತಾರೆ. ಬಹಳಷ್ಟು ಸಲ ಅದರಿಂದ ಕೇಡಿಲ್ಲ. ಆದರೆ ಸಂಭೋಗದ ನಂತರ, ಮುಟ್ಟಿನ ನಡುವೆ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೂ, ದುರ್ವಾಸನೆಯ ಸ್ರಾವವಾದರೂ ನಾಚಿಕೆಯಿಂದ ಮುಚ್ಚಿಡುವಷ್ಟರಲ್ಲಿ 2 ಸೆಂ.ಮೀ.ನ ಗಡಿ ದಾಟಿಹೋಗಿರಬಹುದು. ಈ ಕ್ಯಾನ್ಸರ್ ಬಹುತೇಕ ಮಾನವ ಪ್ಯಾಪಿಲೋಮಾ ವೈರಸ್ಸಿನ ದೀರ್ಘಕಾಲದ ಸೋಂಕಿನಿಂದ ಬರುತ್ತದೆ, ಸಾಮಾನ್ಯವಾಗಿ 15-20 ವರ್ಷಗಳಲ್ಲಿ ನಿಧಾನವಾಗಿ ಬಲಿಯುತ್ತದೆ. ಆದ್ದರಿಂದ ತಪಾಸಣೆಗೆ ಸಾಕಷ್ಟು ಕಾಲಾವಕಾಶವಿದೆ. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ ಕಣ್ಣಿನಿಂದ ನೋಡುವ ಸರಳ ಪರೀಕ್ಷೆಯಿಂದಲೇ ಈ ರೋಗದ ಮರಣಪ್ರಮಾಣ ಶೇ. 31ರಷ್ಟು ಇಳಿದುದನ್ನು ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಕೇಂದ್ರ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವುದೇನೆಂದರೆ, ಬಸಿರನ್ನು ಉಳಿಸುವ ಶಸ್ತ್ರಚಿಕಿತ್ಸೆ ವೈದ್ಯನ ಕೈಚಳಕವನ್ನಷ್ಟೇ ಅವಲಂಬಿಸಿಲ್ಲ. ರೋಗ ಬೇಗ ಪತ್ತೆಯಾಗಬೇಕು; ಶಸ್ತ್ರಚಿಕಿತ್ಸೆಗೆ ಮುನ್ನವೇ ಪ್ರಶ್ನೆ ಕೇಳಲ್ಪಡಬೇಕು. ರೋಗ ಯಾವ ಭಾಗದಲ್ಲಿದೆ, ಗೆಡ್ಡೆ ಎಷ್ಟು ದೊಡ್ಡದು, ಏನನ್ನು ತೆಗೆಯುತ್ತೀರಿ, ಏನು ಉಳಿಯುತ್ತದೆ, ಉಳಿಸುವುದರಿಂದ ಜೀವಕ್ಕೆ ಅಪಾಯವೆಷ್ಟು ಎಂಬ ಐದು ಪ್ರಶ್ನೆಗಳನ್ನು ತನ್ನ ಮಾತಿನಲ್ಲಿ ಕೇಳಬಲ್ಲ ಶಕ್ತಿ ಅವಳಿಗೆ ಬರಬೇಕು.

ಇಲ್ಲಿ ಜಾನಪದ ಅಧ್ಯಯನಕ್ಕೆ ನಿರ್ದಿಷ್ಟ ಹೊಣೆಯಿದೆ. ಸೂಲಗಿತ್ತಿಯರ ಹಾಗೂ ಹಿರಿಯ ಹೆಂಗಸರ ಮಾತಿನಲ್ಲಿ ದೇಹಕ್ಕೆ ಸಂಬಂಧಿಸಿದ ಪದಸಂಪತ್ತು ಇನ್ನೂ ಉಳಿದಿದೆ. ಅದನ್ನು ಪ್ರದೇಶವಾರು ಸಂಗ್ರಹಿಸಿ, ಆಶಾ ಕಾರ್ಯಕರ್ತೆಯರಿಗೂ ವೈದ್ಯರಿಗೂ ಒದಗಿಸುವುದು ನಿಘಂಟು ರಚನೆಯಷ್ಟೇ ಮಹತ್ವದ ಕಾರ್ಯ. ಒಡಲನ್ನು ಕುರಿತ ಹಾಡುಗಳನ್ನು ನಾವು ಸಾಕಷ್ಟು ಸಂಪಾದಿಸಿದ್ದೇವೆ. ಆ ಒಡಲಿನ ಭಾಗಗಳಿಗೆ ಹೆಂಗಸರ ಬಾಯಲ್ಲಿರುವ ಹೆಸರುಗಳನ್ನು ಸಂಪಾದಿಸುವ ಕೆಲಸ ಇನ್ನು ಮುಂದಿನದು.