ಗೋಡೆಯೊಳಗಿನ ನಳ

ಬಸವಕಲ್ಯಾಣದ ನಮ್ಮ ಅಜ್ಜನ ಕಾಲದ ಮನೆಯಲ್ಲಿ ಹೋದ ಬೇಸಿಗೆಗೆ ಬಚ್ಚಲಿನ ಗೋಡೆ ಒಡೆದು ತೆಗೆದ ಪೈಪಿನ ಗೇಣುದ್ದದ ತುಂಡೊಂದು ನನ್ನ ಹತ್ತಿರ ಇದೆ. ಅರ್ಧ ಇಂಚಿನ ಜಿಐ ಪೈಪು. ಹೊರಗಿನಿಂದ ಗಟ್ಟಿಮುಟ್ಟು. ಬೆಳಕಿಗೆ ಹಿಡಿದು ಬಾಯಿಗೆ ಕಣ್ಣಿಟ್ಟರೆ ಒಳಗೆ ಸುತ್ತಲೂ ತುಕ್ಕಿನ ಗಂಟು, ಅದರ ಮೇಲೆ ಸುಣ್ಣದಂಥ ಬಿಳಿ ಪದರ. ನಡುವೆ ಉಳಿದ ದಾರಿ ಜೋಳದ ಕಾಳು ತೂರುವಷ್ಟು. "ಇದರಾಗಿಂದ ನೀರು ಹ್ಯಾಂಗ ಬರ್ತಿತ್ತರಿ ಅಣ್ಣಾರ?" ಎಂದ ಮಿಸ್ತ್ರಿ. ಬರುತ್ತಿತ್ತು. ಒಂದು ಕೊಡ ತುಂಬುವುದರೊಳಗೆ ಚಹಾ ಕುಡಿದು ಬರಬಹುದಿತ್ತು.

ಆ ಮನೆ ಕಟ್ಟಿದವರ ತಲೆಯಲ್ಲಿ ನಳ ಇರಲಿಲ್ಲ. ಮಣ್ಣಿನಲ್ಲಿ ಕೂರಿಸಿದ ಕಲ್ಲಿನ ಎರಡು ಮೊಳ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ನೀರು ಬಾವಿಯಲ್ಲಿರಬೇಕು, ಹಂಡೆಯಲ್ಲಿರಬೇಕು, ಬಚ್ಚಲ ಮೋರಿಯಲ್ಲಿ ಹರಿದು ಹೋಗಬೇಕು. ಗೋಡೆಯೊಳಗೆ ಅದಕ್ಕೆ ಜಾಗವೇ ಇರಲಿಲ್ಲ.

ಹಾಗೆಂದು ಸುರಂಗದಲ್ಲೋ ಕೊಳವೆಯಲ್ಲೋ ನೀರು ಹರಿಸುವುದು ಈ ಸೀಮೆಗೆ ಹೊಸತೇನಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ, 15ನೇ ಶತಮಾನದ ಸುರಂಗ ಬಾವಿ ಇದೆ. ಕೆಂಪು ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆನೀರು ಕೆಳಗಿನ ಕರಿಕಲ್ಲಿಗೆ ತಾಗಿ ನಿಲ್ಲುವ ಕಡೆ ಹಿಡಿದು, ನೆಲದಡಿ ಸುಮಾರು 3 ಕಿಲೋಮೀಟರ್ ಸಾಗಿಸಿದ ಕಾಲುವೆ ಅದು. ಅದರ ಉದ್ದಕ್ಕೂ ಗಾಳಿಬಾವಿಗಳು. ಹೂಳು ತುಂಬಿದರೆ ಅಲ್ಲಿಂದಲೇ ಇಳಿದು ತೆಗೆಯಬಹುದು. ವಿಜಯಪುರದ ಆದಿಲ್‌ಶಾಹಿಗಳು ತೊರವಿಯಿಂದಲೂ ಬೇಗಂ ತಲಾಬಿನಿಂದಲೂ ಊರಿಗೆ ನೀರು ತಂದರು. ಬೇಗಂ ತಲಾಬಿನಿಂದ ಬಂದದ್ದು ಗಾರೆಯೊಳಗೆ ಕೂರಿಸಿದ ಮಣ್ಣಿನ ಕೊಳವೆಯಲ್ಲಿ. ಒತ್ತಡಕ್ಕೆ ಕೊಳವೆ ಒಡೆಯದಿರಲೆಂದು ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ನೀರು ಅವುಗಳಲ್ಲಿ ಏರಿ, ಒತ್ತಡ ಕಳೆದುಕೊಂಡು, ಕೆಸರು ಕೆಳಗಿಳಿಸಿ ಮುಂದೆ ಹೋಗುತ್ತಿತ್ತು. ಇವುಗಳ ಮುಂದೆ ನಿಂತಾಗಲೆಲ್ಲ ನನ್ನ ಮನಸ್ಸಿಗೆ ನಾಟುವುದು ಒಂದೇ: ಕಟ್ಟಿದವರು ರಿಪೇರಿ ಮಾಡಲು ಬರುವವನಿಗೂ ದಾರಿ ಬಿಟ್ಟಿದ್ದರು.

ನಾವು ಬಿಡಲಿಲ್ಲ. ಮೊದಲು ಓಣಿಗೊಂದು ನಳ ಬಂತು, ಆಮೇಲೆ ಅಪ್ಪ ಅಂಗಳಕ್ಕೆ ತಂದರು. ಆಗ ಜಿಐ ಪೈಪು ಗೋಡೆಯ ಮೇಲೆಯೇ ಮೊಳೆ-ಪಟ್ಟಿ ಹೊಡೆಸಿಕೊಂಡು ಕೂತಿತ್ತು. ಸೋರಿದರೆ ಅಮ್ಮನಿಗೆ ಮೊದಲು ಕಾಣುತ್ತಿತ್ತು. ಮಾಳಿಗೆ ಹೋಗಿ ಆರ್‌ಸಿಸಿ ಬಂದು, ಅದರ ಮೇಲೆ ಟಾಕಿ ಕೂತು, ಬಚ್ಚಲಿಗೆ ಟೈಲ್ಸ್ ಬಂದಾಗ ಪೈಪು ಕಣ್ಣಿಗೆ ಚೆನ್ನಾಗಿ ಕಾಣಲಿಲ್ಲ. ಗೋಡೆ ಕೊರೆದು ಒಳಗೆ ಹೂತು ಸಿಮೆಂಟ್ ಬಳಿದೆವು.

ಜಿಐ ಎಂದರೆ ಕಬ್ಬಿಣಕ್ಕೆ ಸತುವಿನ ಅಂಗಿ. ಅಂಗಿ ಸವೆಯುವವರೆಗೆ ಕಬ್ಬಿಣ ಉಳಿಯುತ್ತದೆ. ಸವಳು ಬೋರಿನ ನೀರು ಸುಣ್ಣ ಕಟ್ಟಿಸುತ್ತದೆ; ನಾಲ್ಕೈದು ದಿನಕ್ಕೊಮ್ಮೆ ಬಿಡುವ ನಳದ ನೀರು ಪೈಪನ್ನು ಒಮ್ಮೆ ತುಂಬಿ, ಆಮೇಲೆ ಗಾಳಿಗೆ ಬಿಟ್ಟು ತುಕ್ಕಿಗೆ ಅನುಕೂಲ ಮಾಡಿಕೊಡುತ್ತದೆ. ಮೊದಲು ಹೋಗುವುದು ಚೂಡಿ (ತಿರುಪಿನ ಗೆರೆ) ಕೊರೆದ ಜಾಗ, ಎಲ್ಬೋ ಕೂಡುವಲ್ಲಿ, ಏಕೆಂದರೆ ಅಲ್ಲಿ ಪೈಪಿನ ದಪ್ಪವೂ ಕಡಿಮೆ, ಸತುವೂ ಇಲ್ಲ. ಅಲ್ಲಿಂದ ನೀರು ಸೋರಿದಾಗ ಸಿಮೆಂಟಿನ ಗೋಡೆಯಾದರೆ ಬಣ್ಣ ಸುಲಿಯುತ್ತದೆ, ಅಷ್ಟೆ. ಮಣ್ಣಿನ ಗೋಡೆಯಲ್ಲಿ ಕಲ್ಲುಗಳನ್ನು ಹಿಡಿದಿಟ್ಟ ಮಣ್ಣೇ ನೆನೆದು ಮೆತ್ತಗಾಗುತ್ತದೆ. ಮೇಲಿನ ಸಿಮೆಂಟ್ ಆ ತೇವವನ್ನು ಹೊರಗೆ ಬಿಡುವುದೂ ಇಲ್ಲ. ನಮ್ಮ ಪಡಸಾಲೆಯ ಗೋಡೆಯಲ್ಲಿ ಎದೆಮಟ್ಟದವರೆಗೆ ಒದ್ದೆ ಏರಿದಾಗಲೂ ಮಳೆಯದ್ದೇ ಎಂದುಕೊಂಡಿದ್ದೆವು.

ಮೊದಲು ಸೋರುವ ತುಂಡನ್ನಷ್ಟೇ ಬದಲಿಸಿದೆವು. ತಪ್ಪಾಯಿತು. ಹೊಸ ತುಂಡಿನಲ್ಲಿ ನೀರು ಜೋರಾಗಿ ಬಂದದ್ದೇ ಮುಂದಿನ ಹಳೆಯ ಜಾಯಿಂಟ್ ಬಾಯಿ ಬಿಟ್ಟಿತು.

ದಾರಿ ತೋರಿಸಿದ್ದು ಹುಮನಾಬಾದಿನ ಅಕ್ಕನ ಮನೆ. ವೀರಭದ್ರೇಶ್ವರ ಜಾತ್ರೆಗೆ ನೆಂಟರು ಬರುವ ಮೊದಲೇ ಮುಗಿಸಬೇಕೆಂದು ಅವಳು ಗೋಡೆ ಮುಟ್ಟಲೇ ಇಲ್ಲ. ಹಳೆಯ ಪೈಪಿನ ಎರಡೂ ತುದಿಗೆ ಡಮ್ಮಿ ಹಾಕಿ ಗೋಡೆಯಲ್ಲೇ ಬಿಟ್ಟಳು. ಹೊಸ ಸಿಪಿವಿಸಿ ಪೈಪನ್ನು ಹಿತ್ತಲ ಗೋಡೆಯ ಹೊರಮೈಯಲ್ಲಿ ಕ್ಲಾಂಪು ಹಾಕಿಸಿ ಇಳಿಸಿ, ಬೇಕಾದಲ್ಲಿ ಮಾತ್ರ ಒಂದೊಂದು ತೂತು. ಸಿಪಿವಿಸಿ ಗೀಸರಿನ ಬಿಸಿನೀರಿಗೂ ತಡೆಯುತ್ತದೆ, ಸಾದಾ ಪಿವಿಸಿ ತಡೆಯುವುದಿಲ್ಲ. ಬಿಸಿಲು ಮಾತ್ರ ಅದಕ್ಕೆ ಆಗದು. ಅದಕ್ಕೇ ಅವಳು ಮೇಲೆ ಬಣ್ಣ ಹೊಡೆಸಿದಳು. ಬಚ್ಚಲಿಗೊಂದು, ಅಡಿಗೆಮನೆಗೊಂದು ವಾಲ್ವು. "ಛಂದ ಕಾಣಂಗಿಲ್ಲ ಖರೆ, ಸೋರಿದ್ರ ಕಾಣ್ತದ" ಎಂದಳು.

ನಮ್ಮಲ್ಲೂ ಹಾಗೇ ಮಾಡಿಸಿದೆವು. ಪಡಸಾಲೆಯ ಸಿಮೆಂಟ್ ಕೆತ್ತಿಸಿ ಸುಣ್ಣದ ಗಾರೆ ಹಾಕಿಸಿದ ದಿನ ಒದ್ದೆ ಎಲ್ಲಿಯವರೆಗಿದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟೆ. ದಪ್ಪ ಗೋಡೆ, ಬೇಗ ಒಣಗುವುದಿಲ್ಲ. ದೀಪಾವಳಿಗೆ ಹೋದಾಗ ನೋಡಿದೆ. ತೇವ ಗೆರೆಗಿಂತ ಒಂದು ಗೇಣು ಕೆಳಗಿಳಿದಿತ್ತು.